‘ಎಚ್ಚರವಾಗಿರಿ’ ಅಂತ ನಮಗ್ಯಾಕ ಹೇಳ್ತೀರಿ?



ನಮ್ಮ ತಿರ್ಲಾಪುರದ ವಾಟ್ಸಾಪ್ ಗ್ರೂಪಿಗೆ ಮತ್ತೊಂದು ಪೋಸ್ಟರ್ ಬಂದೈತಿ. ‘ವಂಚಕರಿದ್ದಾರೆ, ಎಚ್ಚರವಾಗಿರಿ, ಆಮಿಷಕ್ಕೆ ಬಲಿಯಾಗಬೇಡಿ.’ ಆಮಿಷವಂತೆ! ಮಂದಿ ಹೊಲದಾಗ ಕಳೆ ತೆಗೆದು ಬದುಕುವ ನಮ್ಮ ಅವ್ವ, ಅಕ್ಕಂದಿರು ಆಸೆಬುರುಕರು, ಅದಕ್ಕ ಮೋಸ ಹೋದ್ರು ಅನ್ನೋದು ಈ ಮಾತಿನ ಒಳಗಿನ ಅರ್ಥ. ಇದನ್ನ ನಾನು ಒಪ್ಪೂದಿಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ಆಗಿದ್ದನ್ನ ನೆನಪು ಮಾಡ್ಕೊಳ್ರಿ. 2025ರ ಶುರುವಿಗೆ ಹಳ್ಳಿ ಹಳ್ಳಿಯ ಹೆಣ್ಮಕ್ಕಳು ಬೀದಿಗೆ ಬಂದ್ರು. ದಲ್ಲಾಳಿಗಳು ಅವರಿಗೆ ಹೇಳಿದ್ದು ಇಷ್ಟ: ನಿಮ್ಮ ಹೆಸರಲ್ಲಿ ಮೈಕ್ರೋಫೈನಾನ್ಸ್ ಸಾಲ ತೆಗೆಸ್ತೀವಿ, ಅರ್ಧ ನಿಮಗ ಸಬ್ಸಿಡಿ, ಉಳಿದರ್ಧ ನಮಗ ಕೊಡ್ರಿ, ಕಂತು ನಾವ ತುಂಬತೀವಿ. ರೊಕ್ಕ ಹೋಯ್ತು, ಕಂತು ನಿಂತವು. ಫೈನಾನ್ಸಿನವರು ಬಂದು ನಿಂತಿದ್ದು ದಲ್ಲಾಳಿ ಮನಿ ಮುಂದ ಅಲ್ಲ, ಹೆಬ್ಬೆಟ್ಟು ಒತ್ತಿದವಳ ಮನಿ ಮುಂದ.

‘ಸಬ್ಸಿಡಿ ಅಂದ ಕೂಡಲೆ ಹೆಂಗ ನಂಬಿದ್ರು?’ ಅಂತ ಸುಶಿಕ್ಷಿತರು ಕೇಳ್ತಾರ. ಆ ಪದ ಕಲಿಸಿದ್ದೇ ಸರಕಾರ. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಸಾಲದಲ್ಲಿ ಸಬ್ಸಿಡಿ ಅನ್ನೋದು ಖರೇನ ಐತಿ. ಆದರೆ ಆ ಪಟ್ಟಿ ಮಾಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅರ್ಜಿ ಹಾಕಿ ಹಾಕಿ ಚಪ್ಪಲಿ ಸವೆಸಿದವಳ ಮುಂದೆ ಒಬ್ಬ ಬಂದು, ಈ ಸಲ ನಿನ್ನ ಹೆಸರು ಬಂದೈತಿ ಅಂದ್ರೆ ಆಕಿ ನಂಬಿದ್ದು ಆಸೆಗಲ್ಲ. ತನಗೆ ಬರಬೇಕಾದ್ದು ಕಡೆಗೂ ಬಂತು ಅಂತ ನಂಬಿದ್ಲು.

ಇನ್ನ ಫೈನಾನ್ಸ್ ಕಂಪನಿಗಳು. ಅವರೂ ಮೋಸ ಹೋದವರ ಹಂಗ ಮಾತಾಡ್ತಾರ. ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲೈತಿ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಮನೆಗೆ ಸಾಲ ಕೊಡುವ ಮೊದಲು ಆ ಮನೆಯ ಆದಾಯ, ಹಳೆ ಸಾಲ ಎರಡನ್ನೂ ನೋಡಬೇಕು. ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಒಬ್ಬ ಕೂಲಿ ಹೆಣ್ಮಗಳ ಹೆಸರಲ್ಲಿ ಮೂರು, ನಾಲ್ಕು ಕಂಪನಿಗಳ ಸಾಲ ಬಿದ್ದೈತಿ ಅಂದ್ರ ಯಾರೋ ಈ ಲೆಕ್ಕ ಮಾಡಿಲ್ಲ, ಇಲ್ಲಾ ಸುಳ್ಳು ಲೆಕ್ಕ ಬರದಾರ. ‘ಎಚ್ಚರವಾಗಿರಿ’ ಅಂತ ಅವರಿಗೆ ಯಾಕ ಪೋಸ್ಟರ್ ಹೋಗಿಲ್ಲ?

ನಮ್ಮ ಮಂದಿ ಯಾಕ ಅವರ ಬಾಗಿಲಿಗೆ ಹೋಗ್ತಾರ ಅನ್ನೋದೂ ಗುಟ್ಟಲ್ಲ. ಸೊಸೈಟಿಯಲ್ಲಿ ರೈತರಿಗೆ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆ ಸಾಲ. ಕೊಡ್ಲಿ, ಬ್ಯಾಡ ಅನ್ನಲ್ಲ. ಆದರೆ ಅದಕ್ಕೆ ಉತಾರ ಬೇಕು. ಅದೇ ಹೊಲದಲ್ಲಿ ಹೆಸರು ಬಿಡಿಸಿ, ಹತ್ತಿ ಬಿಡಿಸಿ ಬರುವವಳ ಹತ್ರ ಉತಾರ ಇಲ್ಲ. ಆಕಿಗೆ ಶೇಕಡಾ 20ರ ಮೇಲಿನ ಬಡ್ಡಿ, ವಾರದ ಕಂತು, ಮ್ಯಾಲ ಹತ್ತು ಹೆಣ್ಮಕ್ಕಳ ಜಾಮೀನು. ಈ ಜಾಮೀನೇ ದೊಡ್ಡ ಕುತಂತ್ರ. ಒಬ್ಬಾಕಿ ಕಂತು ತಪ್ಪಿದ್ರೆ ಕಂಪನಿಯವ ಬೈಬೇಕಾಗೂದಿಲ್ಲ, ಓಣಿಯವರೇ ಆಕಿಯನ್ನ ಬೈತಾರ. ನಮ್ಮ ಕೇರಿಯನ್ನ ನಮ್ಮ ಕೇರಿಯಿಂದಲೇ ವಸೂಲಿ ಮಾಡಿಸೋ ವ್ಯಾಪಾರ ಇದು. ಹಿಂದ ಸಾವುಕಾರನ ಪುಸ್ತಕದಾಗ ಹೆಬ್ಬೆಟ್ಟು ಒತ್ತಿದ ಅಜ್ಜಂದಿರು ಜೀತಕ್ಕೆ ಬಿದ್ದರು. 1976ರಲ್ಲಿ ಜೀತ ರದ್ದತಿ ಕಾಯ್ದೆಯೂ ಬಂತು, ಅರಸರ ಸರಕಾರದ ಋಣ ಪರಿಹಾರ ಕಾಯ್ದೆಯೂ ಬಂತು. ಈಗ ಪುಸ್ತಕ ಹೋಗಿ ಮಷೀನು ಬಂದೈತಿ, ಹೆಬ್ಬೆಟ್ಟು ಮಾತ್ರ ನಮ್ದ.

ಈಗ ಇನ್ನೊಂದು ಸುಳ್ಳು ತಿರಗಾಡಾಕ ಹತ್ತೈತಿ: ‘ಸರಕಾರ ಕಾನೂನು ತಂದೈತಿ, ಎಲ್ಲಾ ಸಂಘದ ಸಾಲ ಮನ್ನಾ.’ ಹಂಗಿಲ್ರೀ. 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಕಾನೂನು ಹಿಡಿಯೋದು ನೋಂದಣಿ ಇಲ್ಲದ, ಲೈಸೆನ್ಸ್ ಇಲ್ಲದ ಲೇವಾದೇವಿಯವರನ್ನ. ದುರ್ಬಲ ವರ್ಗದವರಿಗೆ ಅವರು ಕೊಟ್ಟ ಸಾಲ ತೀರಿದ ಹಾಗೆ. ಪೀಡಿಸಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಗಳು ಇದರ ಹೊರಗ. ಅವು ನಮ್ಮ ಮನಿ ಮುಂದ ನಿಂತಾಗ ನಾವು ಹಿಡೀಬೇಕಾದ್ದು ರಿಸರ್ವ್ ಬ್ಯಾಂಕಿನ ಅದೇ ನಿಯಮವನ್ನ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ. ಬೆದರಿಸುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಜಾತಿ ಹಿಡಿದು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಬ್ಯಾರೇನ ಐತಿ.

ಎಲ್ಲಕ್ಕಿಂತ ಮುಖ್ಯ, ಸಾಲದ ಕಾರ್ಡು. ಬಡ್ಡಿ ಎಷ್ಟು, ಶುಲ್ಕ ಎಷ್ಟು, ತುಂಬಿದ ಒಂದೊಂದು ಕಂತಿನ ಪಾವತಿ, ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ನಂಬರು, ಇಷ್ಟೂ ಅದರಲ್ಲಿ ಇರಬೇಕು, ಸಾಲ ಪಡೆದವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ವಿಮೆ ಅಂತ ರೊಕ್ಕ ಹಿಡಿದಿದ್ರೆ ನಮ್ಮ ಒಪ್ಪಿಗೆ ಬೇಕು, ಅದೂ ಕಾರ್ಡಿನಲ್ಲಿ ಕಾಣಬೇಕು. ನಮ್ಮ ಓಣಿಯಲ್ಲಿ ನಾನು ನೋಡಿದ ಕಾರ್ಡುಗಳ ಮೇಲೆ ಕನ್ನಡ ಅಂದ್ರೆ ಕಂಪನಿ ಹೆಸರಷ್ಟೇ. ಉಳಿದಿದ್ದು ಇಂಗ್ಲಿಷು, ಅದೂ ಇರುವೆ ಸಾಲಿನ ಹಂಗ.

ಕಂಪನಿಗೆ ಬರೆದು ಕೊಡ್ರಿ, ನಕಲು ಇಟ್ಕೊಳ್ರಿ. 30 ದಿನದಾಗ ಉತ್ತರ ಬರದಿದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗಬಹುದು. ಖರ್ಚಿಲ್ಲ, ಕನ್ನಡದಾಗ ಬರದ್ರೂ ನಡಿತೈತಿ; ವಿಚಾರಿಸೋಕೆ 14448. ಗ್ರಾಹಕ ಆಯೋಗವೂ ಐತಿ. 2019ರ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ, ಅಂದ್ರೆ ಧಾರವಾಡದಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದೊಳಗಿದ್ರ ಶುಲ್ಕ ಇಲ್ಲ, ವಕೀಲರೇ ಬೇಕು ಅಂತೇನೂ ಇಲ್ಲ. ಗ್ರಾಹಕ ಅಂದ್ರ ಶೋರೂಮಿಗೆ ಕಾರಿನಾಗ ಬಂದು ಇಳಿಯೋನು ಅಂತ ನಮ್ಮ ತಲಿಯಾಗ ತುಂಬ್ಯಾರ. ಬಡ್ಡಿ ಕೊಟ್ಟು ಸಾಲ ತಗೊಂಡ ದುರುಗವ್ವನೂ ಗ್ರಾಹಕಳೇ.

ಇದೇ ನವಲಗುಂದ ತಾಲ್ಲೂಕು. ಮಲಪ್ರಭಾ ನೀರು ಸರಿಯಾಗಿ ಸಿಗದಿದ್ರೂ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದಾಗ 1980ರ ಜುಲೈ 21ರಂದು ರೈತರು ಎದ್ದರು, ಗೋಲಿಬಾರ್ ಆಯ್ತು, ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಕೊಡದ ಸೇವೆಗೆ ದುಡ್ಡು ಕೇಳೋದು ಅನ್ಯಾಯ ಅಂತ ಈ ಮಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ರೈತರಿಗೆ ಯಾರೂ ‘ಆಮಿಷಕ್ಕೆ ಬಲಿಯಾದಿರಿ’ ಅನ್ನಲಿಲ್ಲ. ಭೂಮಿ ಇಲ್ಲದ ಹೆಣ್ಮಗಳಿಗೆ ಅನ್ಯಾಯ ಆದಾಗ ಮಾತ್ರ ಅದು ಆಕಿಯ ದಡ್ಡತನ ಆಗತೈತಿ.

ಬರುವ ಭಾನುವಾರ ಸಂಜೆ ನಮ್ಮ ಓಣಿಯ ಸಮುದಾಯ ಭವನದಾಗ ಕೂಡೋಣ. ಅಕ್ಕಂದಿರು ಸಾಲದ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ತರ್ರಿ. ಕಾಲೇಜು ಓದೋ ಹುಡುಗ, ಹುಡುಗಿಯರು ಬಿಳಿ ಹಾಳಿ, ಪೆನ್ನು ತರ್ರಿ. ಒಂದೊಂದು ಕಾರ್ಡೂ ಓದಿ, ಒಂದೊಂದು ಅರ್ಜಿ ಬರೆಯೋದೈತಿ. ಕಾರ್ಡೇ ಕೊಟ್ಟಿಲ್ಲ ಅನ್ನೋರು ಎಲ್ಲರಿಗಿಂತ ಮೊದಲು ಬರ್ರಿ.

ಜೈ ಭೀಮ್.