ಹಿಡಿಯೊಳಗಣ ಅಕ್ಷರ

ಹಳೆಯ ವಸ್ತುಗಳನ್ನು ಕೂಡಿಡುವುದು ಮನುಷ್ಯನ ಪುರಾತನ ಹವ್ಯಾಸ. ನಾಣ್ಯ, ಅಂಚೆಚೀಟಿ, ತಾಳೆಗರಿಗಳನ್ನು ಸಂಗ್ರಹಿಸುವವನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಆದರೆ ಆಯುಧವನ್ನು, ಅದರಲ್ಲಿಯೂ ಲೋಕದ ನೆನಪಿನಿಂದ ಇನ್ನೂ ಮಾಸದ ಯುದ್ಧವೊಂದರ ಆಯುಧವನ್ನು ಸಂಗ್ರಹಿಸುವವನ ವಿಷಯದಲ್ಲಿ ನಮ್ಮ ಮನಸ್ಸು ಎರಡಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೈನ್ಯಾಧಿಕಾರಿಗಳು ಸೊಂಟದಲ್ಲಿ ಧರಿಸಿದ್ದ ಕತ್ತಿಗಳು ಇಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳ ಎಷ್ಟೋ ಮನೆಗಳ ಅಟ್ಟಗಳಲ್ಲಿ, ಹರಾಜಿನ ಅಂಗಡಿಗಳಲ್ಲಿ, ಸಂಗ್ರಾಹಕರ ಗಾಜಿನ ಬೀರುಗಳಲ್ಲಿ ಇವೆ. ಅವನ್ನು ಅರಸಿ ಕೊಳ್ಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇದು ವಿದ್ಯೆಯೋ, ವ್ಯಾಪಾರವೋ, ಹಿಂಸೆಯ ಮೇಲಣ ಮೋಹವೋ? ಹಳೆಯ ಪಾಠಗಳನ್ನು ಓದಿ ಹೇಳುವುದೇ ವೃತ್ತಿಯಾಗಿರುವ ನನಗೆ ಈ ಪ್ರಶ್ನೆ ನಮ್ಮಿಂದ ದೂರದ್ದೆಂದು ತೋರುವುದಿಲ್ಲ.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಜಪಾನೀ ಅಧಿಕಾರಿಯ ಕತ್ತಿಯೆಂದೊಡನೆ ಕಡಿಯದೆ ಸಾಗಿಬಂದ ಪರಂಪರೆಯೊಂದು ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ವಸ್ತುಸ್ಥಿತಿ ಹಾಗಿಲ್ಲ. 1876ರಲ್ಲಿ ಮೇಯಿಜಿ ಸರ್ಕಾರವು ಸೈನಿಕರು, ಪೊಲೀಸರು ಮೊದಲಾದ ಕೆಲವರ ಹೊರತು ಯಾರೂ ಬಹಿರಂಗವಾಗಿ ಕತ್ತಿ ಧರಿಸಕೂಡದೆಂದು ಆಜ್ಞೆ ಮಾಡಿತು. ಸಾಮುರಾಯಿಗಳ ಕುಲಚಿಹ್ನೆ ಅಲ್ಲಿಗೆ ಕಳಚಿತು. ಹೊಸ ಸೈನ್ಯದ ಅಧಿಕಾರಿಗಳು ಧರಿಸಿದ್ದು ಐರೋಪ್ಯ ಮಾದರಿಯ ಖಡ್ಗವನ್ನು. 1934ರಲ್ಲಿ, ರಾಷ್ಟ್ರಾಭಿಮಾನವು ಉನ್ಮಾದಕ್ಕೆ ತಿರುಗುತ್ತಿದ್ದ ಕಾಲದಲ್ಲಿ, ಸೈನ್ಯವು ಆ ರೂಪವನ್ನು ಬಿಟ್ಟು ಕಾಮಾಕುರ ಕಾಲದ ‘ತಾಚಿ’ ಖಡ್ಗವನ್ನು ಹೋಲುವ ಹೊಸ ಮಾದರಿಯನ್ನು ಅಂಗೀಕರಿಸಿತು. ಇದೇ ‘ಶಿನ್ ಗುಂಟೊ’, ಎಂದರೆ ಹೊಸ ಸೇನಾಖಡ್ಗ. ಹಿಡಿಗೆ ತೊರಕೆ ಮೀನಿನ ಒರಟು ಚರ್ಮ, ಅದರ ಮೇಲೆ ಹೆಣೆದ ಪಟ್ಟಿ, ಲೋಹದ ಭಾಗಗಳಲ್ಲಿ ಚೆರಿ ಹೂವಿನ ಚಿತ್ರ, ಕೊನೆಯಲ್ಲಿ ಪದವಿಯನ್ನು ಸೂಚಿಸುವ ಗೊಂಡೆ. ಕ್ಯಾಪ್ಟನ್‌ವರೆಗಿನವರಿಗೆ ನೀಲಿ ಮತ್ತು ಕಂದು, ಮೇಜರ್‌ನಿಂದ ಕರ್ನಲ್‌ವರೆಗೆ ಕೆಂಪು ಮತ್ತು ಕಂದು, ಜನರಲ್‌ಗಳಿಗೆ ಹೊಂಬಣ್ಣ ಬೆರೆತದ್ದು. ವಿಮಾನ, ಟ್ಯಾಂಕುಗಳ ಯುಗದಲ್ಲಿ ಹದಿಮೂರನೆಯ ಶತಮಾನದ ವೇಷ! ಹಳೆಯದನ್ನು ಪ್ರೀತಿಸುವುದು ಒಂದು. ಹಳೆಯದರ ವೇಷ ತೊಟ್ಟು ಪರರ ನಾಡಿನ ಮೇಲೆ ದಂಡೆತ್ತಿ ಹೋಗುವುದು ಮತ್ತೊಂದು.

ಹೊರಗಿನ ಉಡುಗೆ ಒಂದೇ ಆದರೂ ಒಳಗಿನ ಅಲಗು ಒಂದೇ ಅಲ್ಲ. ಅಧಿಕಾರಿಯು ತನ್ನ ಕತ್ತಿಯನ್ನು ತಾನೇ ಒದಗಿಸಿಕೊಳ್ಳಬೇಕಾಗಿತ್ತು. ಮನೆತನದಲ್ಲಿ ಹಿರಿಯರ ಕಾಲದ ಅಲಗಿದ್ದವನು ಅದಕ್ಕೇ ಸೈನ್ಯದ ಹಿಡಿ, ಒರೆಗಳನ್ನು ಹಾಕಿಸಿಕೊಂಡ. ಟೋಕಿಯೋದ ಯಾಸುಕುನಿ ದೇವಾಲಯದ ಆವರಣದಲ್ಲಿ 1933ರಲ್ಲಿ ಆರಂಭವಾದ ಕುಲುಮೆಯಲ್ಲಿ ಪೂರ್ವಪದ್ಧತಿಯ ಕೆಲಸ ನಡೆಯಿತು. ಕಬ್ಬಿಣದ ಮರಳನ್ನು ಕರಗಿಸಿ ಪಡೆದ ಉಕ್ಕನ್ನು ಮಡಿಸಿ ಬಡಿದು, ಜೇಡಿ ಬಳಿದು ಕಾಯಿಸಿ, ನೀರಿನಲ್ಲಿ ಅದ್ದಿ ಹದಗೊಳಿಸಿದ ಸುಮಾರು 8,100 ಅಲಗುಗಳು 1945ರ ವರೆಗೆ ಅಲ್ಲಿ ಸಿದ್ಧವಾದುವು. ಇವೆಲ್ಲ ಅಲ್ಪಸಂಖ್ಯೆಯವು. ಬಹುಪಾಲು ಕತ್ತಿಗಳು ಸೆಕಿ ಪಟ್ಟಣವೇ ಮೊದಲಾದ ಕಡೆಗಳಲ್ಲಿ ಕಾರ್ಖಾನೆಯ ಉಕ್ಕಿನಿಂದ ತಯಾರಾಗಿ, ಎಣ್ಣೆಯಲ್ಲಿ ಹದಗೊಂಡು, ಯುದ್ಧದ ಅವಸರಕ್ಕೆ ತಕ್ಕಂತೆ ಹೊರಬಂದಂಥವು. ನಾಲ್ಕು ನೂರು ವರ್ಷದ ಅಲಗೂ ನಾಲ್ಕು ವಾರದ ಅಲಗೂ ಒಂದೇ ಬಗೆಯ ಒರೆಯಲ್ಲಿ ಮಲಗಿರುವುದುಂಟು.

ಇದನ್ನು ಬೇರ್ಪಡಿಸಿ ತಿಳಿಯುವ ಬಗೆಯಲ್ಲಿಯೇ ಈ ಹವ್ಯಾಸದ ವಿದ್ಯೆಯಿದೆ. ಹಿಡಿಯಲ್ಲಿ ಬಿದಿರಿನ ಸಣ್ಣ ಮೊಳೆಯೊಂದಿರುತ್ತದೆ. ಅದನ್ನು ಹೊರದೂಡಿ ಹಿಡಿಯನ್ನು ಕಳಚಿದರೆ ಅಲಗಿನ ಬುಡ ಕಾಣುತ್ತದೆ; ಜಪಾನೀಯರು ಅದನ್ನು ‘ನಕಾಗೊ’ ಎನ್ನುತ್ತಾರೆ. ಕಮ್ಮಾರನು ತನ್ನ ಹೆಸರನ್ನೂ ಕೆಲವೊಮ್ಮೆ ಕಾಲವನ್ನೂ ಉಳಿಯಿಂದ ಕೊರೆಯುವುದು ಅಲ್ಲಿಯೇ. ಕಾರ್ಖಾನೆಯ ಅಲಗಾದರೆ ಅನೇಕ ವೇಳೆ ಪುಟ್ಟ ಮುದ್ರೆಯೊಂದು ಅದರ ಜಾತಿಯನ್ನು ಹೇಳಿಬಿಡುತ್ತದೆ. ಬುಡದ ತುಕ್ಕನ್ನು ಬಲ್ಲವರು ಎಂದಿಗೂ ಉಜ್ಜುವುದಿಲ್ಲ. ತುಕ್ಕಿನ ಬಣ್ಣವೇ ವಯಸ್ಸಿನ ಸಾಕ್ಷಿ. ಅರಿಯದ ಮಾಲಿಕನು ಅದನ್ನು ಹೊಳೆಯುವಂತೆ ಉಜ್ಜಿದರೆ ಶಾಸನದ ಕಲ್ಲಿಗೆ ಸುಣ್ಣ ಬಳಿದಷ್ಟೇ ಅನ್ಯಾಯ. ಹೆಸರಾಂತ ಕಮ್ಮಾರರ ಸುಳ್ಳು ಅಂಕಿತಗಳೂ ಶತಮಾನಗಳಿಂದ ನಡೆದುಬಂದಿವೆ. ಪ್ರಸಿದ್ಧರ ಅಂಕಿತವನ್ನು ತಮ್ಮ ಪದಗಳಿಗೆ ಹಚ್ಚಿದವರು ನಮ್ಮಲ್ಲಿ ಇರಲಿಲ್ಲವೆ? ಇನ್ನು ಎಷ್ಟೋ ಕತ್ತಿಗಳ ಬಿಡಿಭಾಗಗಳಲ್ಲಿ ಜೋಡಣೆಯ ಅಂಕಿಗಳಿರುತ್ತವೆ. ಅವು ಒಂದಕ್ಕೊಂದು ಹೊಂದದಿದ್ದರೆ ಗರಿಗಳು ಬೆರೆತ ಓಲೆಯ ಕಟ್ಟಿನಂತೆ ಎಚ್ಚರಿಕೆಯಿಂದ ನೋಡಬೇಕು. ಇಡೀ ಕತ್ತಿಯನ್ನೇ ಹೊಸದಾಗಿ ಮಾಡಿ, ಆಮ್ಲದಿಂದ ತುಕ್ಕು ಬರಿಸಿ ಮಾರುವವರೂ ಇಂದು ಕಡಮೆಯಿಲ್ಲ. ಆದ್ದರಿಂದ ಪ್ರಾಮಾಣಿಕನಾದ ಸಂಗ್ರಾಹಕನು ಪಾಠಶೋಧಕನ ಹತ್ತಿರದ ಬಂಧು.

ಹಿಡಿಯೊಳಗಿನದು ಮಾಡಿದವನ ಹೆಸರು. ಧರಿಸಿದವನ ಹೆಸರೂ ಕೆಲವೊಮ್ಮೆ ದೊರೆಯುತ್ತದೆ; ಅದರ ಕಥೆ 1945ರದು. ಆಗ್ನೇಯ ಏಷ್ಯದ ಸೇನಾಪತಿ ಮೌಂಟ್‌ಬ್ಯಾಟನ್ನರು ಜಪಾನೀ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಸ್ವಹಸ್ತದಿಂದಲೇ ಒಪ್ಪಿಸಬೇಕೆಂದು ಹಟಹಿಡಿದರು. ಮ್ಯಾಕ್‌ಆರ್ಥರರಿಗೆ ಅದು ಕಾಲ ಕಳೆದ ವಿಧಿಯೆಂದು ತೋರಿತ್ತು. ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಬಿದ್ದಾಗ ಭಾರತದ ಸೇನೆಯ ಪರವಾಗಿ ಕೊಡಗಿನ ಬ್ರಿಗೇಡಿಯರ್ ಕೆ. ಎಸ್. ತಿಮ್ಮಯ್ಯನವರು ಹಾಜರಿದ್ದರು. ಕಾಯಿಲೆಯಿಂದ ಅಲ್ಲಿಗೆ ಬರಲಾಗದಿದ್ದ ಜಪಾನೀ ಮಹಾಸೇನಾನಿ ತೆರಾವುಚಿಯವರು ನವೆಂಬರ್ 30ರಂದು ಸೈಗಾನಿನಲ್ಲಿ ಎರಡು ಕತ್ತಿಗಳನ್ನು ಒಪ್ಪಿಸಿದರು. ಅವುಗಳಲ್ಲೊಂದು ಆರನೆಯ ಜಾರ್ಜ್ ದೊರೆಗೆ ಸಂದಿತು. ಸಾಮಾನ್ಯ ಅಧಿಕಾರಿಗಳಲ್ಲಿ ಅನೇಕರು ಕತ್ತಿಯನ್ನು ಕೊಡುವಾಗ ಹೆಸರು, ಊರುಗಳನ್ನು ಬರೆದ ಬಟ್ಟೆಯ ಇಲ್ಲವೆ ಮರದ ಚೀಟಿಯೊಂದನ್ನು ಅದಕ್ಕೆ ಕಟ್ಟಿದರು. ಮುಂದೆಂದಾದರೂ ಮನೆಗೆ ಮರಳೀತೆಂಬ ಆಸೆ ಅದರ ಹಿಂದೆ ಇದ್ದಿರಬೇಕು. ಓದಲು ಬಾರದ ಲಿಪಿಯ ಆ ಚೀಟಿಗಳನ್ನು ಎಷ್ಟು ಕೈಗಳು ಕಿತ್ತೆಸೆದುವೋ!

ಜಪಾನಿನಲ್ಲಿಯೂ ಆಕ್ರಮಿತ ಸೈನ್ಯದ ಆಜ್ಞೆಯಂತೆ ಮನೆಮನೆಗಳಿಂದ ಕತ್ತಿಗಳನ್ನು ಸೆಳೆದುಕೊಂಡರು. ರಾಶಿರಾಶಿಯಾಗಿ ಅವು ನಾಶವಾದುವು. ಹೊಂಮ ಜುಂಜಿಯವರಂಥ ವಿದ್ವಾಂಸರು ಮೊರೆಯಿಟ್ಟದ್ದರಿಂದ ಕಲಾಮೌಲ್ಯದವು ಉಳಿದುವು. ಇಂದಿಗೂ ಆ ದೇಶದ ಕಾನೂನು ಪೂರ್ವಪದ್ಧತಿಯ ಅಲಗುಗಳನ್ನು ಮಾತ್ರ ನೋಂದಾಯಿಸಿಕೊಳ್ಳುತ್ತದೆ. ಕಾರ್ಖಾನೆಯ ಕತ್ತಿಯನ್ನು ಇಟ್ಟುಕೊಳ್ಳಲು ಜನಸಾಮಾನ್ಯರಿಗೆ ಅಲ್ಲಿ ಅವಕಾಶವಿಲ್ಲ. ಹೀಗಾಗಿ ಆ ಯುದ್ಧದ ಸಾಮಾನ್ಯ ಕತ್ತಿಯ ಚರಿತ್ರೆಯು ಬಹುಮಟ್ಟಿಗೆ ಪರದೇಶದ ಸಂಗ್ರಾಹಕರ ಕೈಯಲ್ಲಿದೆ. ಅವರ ಹೊಣೆ ದೊಡ್ಡದೆನ್ನುವುದು ಇದಕ್ಕಾಗಿಯೇ.

ಆದರೆ ಯಾವ ಕತ್ತಿಯ ಮೇಲೂ ಕಾಣದ ಮೂರನೆಯ ಹೆಸರೊಂದಿದೆ: ಅದಕ್ಕೆ ಬಲಿಯಾದವನ ಹೆಸರು. 1937ರಲ್ಲಿ ನಾನ್ಕಿಂಗಿನತ್ತ ಸೈನ್ಯ ನಡೆದಾಗ ಇಬ್ಬರು ಅಧಿಕಾರಿಗಳು ಕತ್ತಿಯಿಂದ ಮೊದಲು ನೂರು ಮಂದಿಯನ್ನು ಕೊಲ್ಲುವ ಪಂದ್ಯ ಹೂಡಿದ್ದಾರೆಂದು ಟೋಕಿಯೋದ ಪತ್ರಿಕೆಯೊಂದು ಆಟದ ಸುದ್ದಿಯಂತೆ ಅಚ್ಚುಮಾಡಿತು. ಇಬ್ಬರಿಗೂ 1948ರಲ್ಲಿ ಮರಣದಂಡನೆಯಾಯಿತು. ಆ ಸುದ್ದಿಯಲ್ಲಿ ಕೊಂದವರ ಹೆಸರಿದೆ, ಅಂಕಿಯಿದೆ. ಸತ್ತವರಲ್ಲಿ ಒಬ್ಬನ ಹೆಸರೂ ಇಲ್ಲ. 1943ರ ಅಕ್ಟೋಬರ್ 24ರಂದು ನ್ಯೂಗಿನಿಯ ಐತಾಪೆಯ ಕಡಲ ತೀರದಲ್ಲಿ ಸೆರೆಯಾಳಾಗಿದ್ದ ಆಸ್ಟ್ರೇಲಿಯದ ಸಾರ್ಜೆಂಟ್ ಲೆನರ್ಡ್ ಸಿಫ್ಲೀಟನ ಶಿರಚ್ಛೇದವಾಯಿತು. ಎತ್ತಿದ ಕತ್ತಿಯ ಕೆಳಗೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತ ಆತನ ಛಾಯಾಚಿತ್ರ ಉಳಿದುಬಂದುದರಿಂದ ಅವನ ಹೆಸರು ಲೋಕಕ್ಕೆ ತಿಳಿಯಿತು. ಚಿತ್ರವಿಲ್ಲದೆ ಹೋದವರು ಅಸಂಖ್ಯಾತರು.

ಈ ಮಾತಿನಲ್ಲಿ ಕನ್ನಡ ನಾಡಿನ ವೀರಗಲ್ಲುಗಳನ್ನು ನೆನೆಯದಿರಲಾರೆ. ನಮ್ಮ ಪೂರ್ವಿಕರೂ ಕಾದಿದರು, ಕೊಂದರು, ಅವರು ಅಹಿಂಸಾವ್ರತಿಗಳೇನಲ್ಲ. ಆದರೆ ಅವರು ಕಲ್ಲು ನೆಟ್ಟದ್ದು ಮಡಿದವನಿಗಾಗಿ. ತುರು ಮರಳಿಸಲು ಹೋಗಿ ಸತ್ತ ಹಳ್ಳಿಯವನ ಹೆಸರೂ ಹಾಗೆ ಉಳಿಯಿತು. ‘ಬೆಂಗಳೂರು’ ಎಂಬ ಹೆಸರು ನಮಗೆ ಮೊದಲು ಕಾಣಸಿಗುವುದೂ ಕಾಳೆಗದಲ್ಲಿ ಮಡಿದವನೊಬ್ಬನ ನೆನಪಿನ ಬೇಗೂರಿನ ಶಾಸನದಲ್ಲಿ. ಕತ್ತಿಯು ಮಾಡಿದವನನ್ನೂ ಧರಿಸಿದವನನ್ನೂ ನೆನೆಸಿ ಕೊಡುತ್ತದೆ. ಮಡಿದವನನ್ನು ನಾವು ಬೇರೆಡೆಯಿಂದ ಹುಡುಕಿ ತಂದು ಅದರ ಪಕ್ಕದಲ್ಲಿ ನಿಲ್ಲಿಸಬೇಕಾಗಿದೆ. ಅಲಗಿನ ಅಂದವನ್ನು ಹೊಗಳಿ ಅದರ ಕೃತ್ಯವನ್ನು ಮುಚ್ಚುವ ಸಂಗ್ರಹವೂ, ಕೃತ್ಯವನ್ನು ನೆನೆದು ಎಲ್ಲವನ್ನೂ ಕರಗಿಸಬೇಕೆನ್ನುವ ಕೋಪವೂ ಅರ್ಧ ಓದಿದ ಓದು.

ಸಂಗ್ರಾಹಕನ ವಿದ್ಯೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಎರಡು ನಿದರ್ಶನಗಳಿವೆ. 1945ರ ಡಿಸೆಂಬರಿನಲ್ಲಿ ತೊಕುಗಾವ ಮನೆತನದವರು ಹೊಂಜೊ ಮಾಸಮುನೆಯೆಂಬ ಅಮೂಲ್ಯ ಖಡ್ಗವನ್ನು ಟೋಕಿಯೋದ ಪೊಲೀಸ್ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಕೈಬದಲಾಗಿ ಹೋದ ಅದು ಮತ್ತೆ ಕಾಣಲಿಲ್ಲ. ಕಾಗೊಶಿಮದ ತೆರುಕುನಿ ದೇವಾಲಯಕ್ಕೆ ಸೇರಿದ, ಕುನಿಮುನೆ ಮಾಡಿದ ಖಡ್ಗವೂ ಹಾಗೆಯೇ ಕಳೆದುಹೋಗಿತ್ತು. ಅಮೆರಿಕದ ಸಂಗ್ರಾಹಕ ವಾಲ್ಟರ್ ಕಾಂಪ್ಟನ್ನರು ತಮ್ಮ ಕೈಸೇರಿದ್ದು ಅದೇ ಎಂದು ತಿಳಿದೊಡನೆ, ಬೆಲೆ ಕೇಳದೆ 1963ರಲ್ಲಿ ಅದನ್ನು ಮರಳಿಸಿದರು. ಈ ಔದಾರ್ಯದ ಬೆಲೆಯನ್ನು ಕನ್ನಡಿಗರು ಬಲ್ಲರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಶಯನಗೃಹದಿಂದ ಹೋದ ಕತ್ತಿ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಮಾರಾಟವಾದಾಗ ನಮಗಾದ ಕಸಿವಿಸಿಯನ್ನು ನೆನೆದರೆ ಸಾಕು.

ಕತ್ತಿಯನ್ನು ಕೂಡಿಡುವುದು ತಪ್ಪೆಂದು ನಾನು ಹೇಳಲಾರೆ. ಅದನ್ನು ಮೂಕವಾಗಿ ಕೂಡಿಡುವುದು ತಪ್ಪು. ಎಲ್ಲಿ ದೊರೆಯಿತು, ಯಾರು ತಂದರು, ತಂದವರು ಏನು ಹೇಳಿದರು, ಯಾವ ರಣರಂಗದಲ್ಲಿ ಯಾವ ದಳವಿತ್ತು, ಅಲ್ಲಿಯ ಜನ ಏನನ್ನು ಅನುಭವಿಸಿದರು ಎಂಬುದನ್ನು ಪ್ರತಿಯೊಂದಕ್ಕೂ ಬರೆದಿಡಬೇಕು. ಬರ್ಮಾ, ಮಲಯಗಳಿಂದ ಮರಳಿದ ಯೋಧರ ಮನೆಗಳು ನಮ್ಮಲ್ಲಿಯೂ ಇವೆ. ಕತ್ತಿಯಿರಲಿ, ಪದಕವಿರಲಿ, ಹರಿದ ಕಾಗದವಿರಲಿ, ಅದರ ಕಥೆ ಬಲ್ಲ ಹಿರಿಯರು ಉಳಿದಿದ್ದರೆ ನಮ್ಮ ವಿದ್ಯಾರ್ಥಿಗಳು ಈ ರಜೆಯಲ್ಲಿಯೇ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಮುಂದಿನ ರಜೆಗೆ ಕಾಯುವಷ್ಟು ವ್ಯವಧಾನ ಅವರ ವಯಸ್ಸಿಗೆ ಇಲ್ಲ.