ಗೃಹಪಾಕ ವಿಚಾರ: ಮಾಂಸದ ಹೂರಣದ ನೀರುದೋಸೆ



ನಮ್ಮ ತುಳುನಾಡಿನ ಮನೆಗಳಲ್ಲಿ ನೀರುದೋಸೆಗೆ ಇರುವ ಆದರವನ್ನು ನಾನು ವರ್ಣಿಸಬೇಕಾದುದಿಲ್ಲ. ಉದ್ದು ಬೇಡ, ಹಿಟ್ಟು ಹುಳಿಬರುವ ತನಕ ಕಾಯುವುದೂ ಬೇಡ. ಅಕ್ಕಿ, ನೀರು, ಉಪ್ಪು ಇಷ್ಟಿದ್ದರೆ ಕಾರ್ಯ ನಡೆಯುವುದು. ಮಾಂಸಾಹಾರವುಳ್ಳ ಮನೆಗಳಲ್ಲಿ ಕೋಳಿಯ ಗಸಿಯೊಡನೆ ಇದನ್ನು ಬಡಿಸಿದರೆ ಅತಿಥಿಗಳಿಗೆ ಬೇರೆ ಉಪಚಾರವೇ ಬೇಕಾಗುವುದಿಲ್ಲ.

ಆದರೆ ಈ ದೋಸೆಗೆ ಒಂದು ದೋಷವುಂಟು. ಕಾವಲಿಯಿಂದ ಎದ್ದೊಡನೆ ತಿಂದರೇ ಅದಕ್ಕೆ ಸವಿ. ಆರಿದ ಮೇಲೆ ಒಂದಕ್ಕೊಂದು ಅಂಟಿಕೊಂಡು ಬಟ್ಟೆಯ ಮುದ್ದೆಯಂತಾಗುವುದು. ಆದುದರಿಂದ ಮನೆಮಂದಿಯೆಲ್ಲ ಕುಳಿತು ಉಣ್ಣುತ್ತಿರುವಾಗ, ಎರೆಯುವವಳು ಮಾತ್ರ ಒಲೆಯ ಮುಂದೆ ನಿಂತೇ ಇರಬೇಕಾಗುವುದು.

ಮೂವತ್ತೈದು ವರ್ಷಗಳ ಗೃಹಸ್ಥಾಶ್ರಮದಲ್ಲಿ ನಾನು ಈ ದೋಷವನ್ನು ಗಮನಿಸಿದವನಲ್ಲ. “ನೀವು ಉಣ್ಣಿ, ನಾನು ಆಮೇಲೆ” ಎಂಬ ಮಾತನ್ನು ಮನೆಯವರ ಬಾಯಿಂದ ಎಷ್ಟೋ ಸಲ ಕೇಳಿ, ಅದನ್ನು ಸಂಪ್ರದಾಯವೆಂದೇ ಭಾವಿಸಿದ್ದೆನು. ಕಳೆದ ಮಳೆಗಾಲದಲ್ಲಿ ಅವರು ಅಂಗಳದಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡರು. ಆರು ವಾರ ಕೈಗೆ ಕಟ್ಟು. ಆ ದಿನಗಳಲ್ಲೊಂದು ಭಾನುವಾರ ಮಗ, ಸೊಸೆ, ಮೊಮ್ಮಕ್ಕಳು ಬಂದಾಗ ಸೊಸೆಯು ಗಸಿಯನ್ನು ಮಾಡಿದಳು. ದೋಸೆ ಎರೆಯುವ ಕೆಲಸವನ್ನು ನಾನು ಹಟದಿಂದ ವಹಿಸಿಕೊಂಡೆನು.

ಲೆಕ್ಕವನ್ನು ಕಲಿಸಿದವನಾದುದರಿಂದ ಮೊದಲೇ ಲೆಕ್ಕ ಹಾಕಬಹುದಾಗಿತ್ತು. ಏಳು ಜನರಿಗೆ ತಲೆಗೆ 3ರಂತೆ 21 ದೋಸೆ. ಒಂದಕ್ಕೆ ಒಂದೂವರೆ ನಿಮಿಷ. ಒಟ್ಟಿಗೆ ಅರ್ಧ ಗಂಟೆಗೂ ಮಿಕ್ಕ ಹೊತ್ತು. ಎಲ್ಲರೂ ಕೈತೊಳೆದು ಎದ್ದ ಮೇಲೆ ನಾನು ನನ್ನ ಪಾಲಿಗೆ ಕುಳಿತಾಗ ಮೂರು ದೋಸೆಗಳೂ ಕೂಡಿಕೊಂಡು ಒಂದಾಗಿದ್ದವು. ಗಸಿಯ ಪಾತ್ರೆಯಲ್ಲಿ ಕೋಳಿಯ ಕತ್ತಿನ ತುಂಡೊಂದು ಉಳಿದಿತ್ತು. “ಪ್ರತಿಸಲವೂ ಹೀಗೆಯೇ ಏನು?” ಎಂದು ಮನೆಯವರನ್ನು ಕೇಳಿದೆನು. “ಇವತ್ತು ಕತ್ತಿನ ತುಂಡಾದರೂ ಉಳಿದಿದೆಯಲ್ಲ!” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ನಾವಿಬ್ಬರೂ ಯೋಚಿಸಿ ಕಂಡುಕೊಂಡ ಉಪಾಯವಿದು: ಗಸಿಯ ಬದಲು ಒಣಗಿದ ಮಾಂಸದ ಹೂರಣವನ್ನು ದೋಸೆಯೊಳಗೇ ತುಂಬಿ ಮಡಿಸಿಡುವುದು, ಊಟದ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಹಬೆಯಲ್ಲಿ ಬಿಸಿಮಾಡುವುದು.

ಸಂಸ್ಕೃತವನ್ನು ಓದಿದ ಉಪಾಧ್ಯಾಯನಿಗೆ ಮಾಂಸಪಾಕದ ಚರ್ಚೆ ಶೋಭಿಸುವುದೇ ಎಂದು ಕೆಲವರು ಶಂಕಿಸಬಹುದು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವನ್ನು ಅವರು ತೆರೆದು ನೋಡಲಿ. ಅದರ ಅನ್ನಭೋಗ ಪ್ರಕರಣದಲ್ಲಿ ‘ಧೋಸಕ’ವೂ ಇದೆ, ಬಗೆಬಗೆಯ ಮಾಂಸಪಾಕಗಳೂ ಇವೆ. ಆ ಧೋಸಕವು ಬೇಳೆಯದು, ನಮ್ಮ ಅಕ್ಕಿಯ ನೀರುದೋಸೆಯಲ್ಲವೆಂಬುದು ನಿಜ. ಆದರೆ ಅಡಿಗೆಯನ್ನು ಕುರಿತು ಬರೆಯುವುದು ಚಕ್ರವರ್ತಿಗೆ ಕುಂದಾಗದಿದ್ದರೆ ಮಾಸ್ತರನಿಗೆ ಹೇಗೆ ಕುಂದಾದೀತು?

ಇನ್ನು ವಿಧಾನ. ಮೊದಲು ಹೂರಣವನ್ನು ಸಿದ್ಧಪಡಿಸಿಕೊಳ್ಳಬೇಕು. ಆಡಿನ ಅಥವಾ ಕುರಿಯ ಕೈಮಾ 750 ಗ್ರಾಂ ಇರಲಿ. ಕೊಚ್ಚಿದ ಮಾಂಸವು ಇಡೀ ತುಂಡಿಗಿಂತ ಬೇಗನೆ ಕೆಡುವುದರಿಂದ ತಂದ ದಿನವೇ ಬೇಯಿಸತಕ್ಕದ್ದು. ಮೂರು ಚಮಚ ತೆಂಗಿನೆಣ್ಣೆಯಲ್ಲಿ ಎರಡು ಚೂರು ಚಕ್ಕೆ, ನಾಲ್ಕು ಲವಂಗ, ಸಣ್ಣಗೆ ಹೆಚ್ಚಿದ ಮೂರು ನೀರುಳ್ಳಿಗಳನ್ನು ಕೆಂಪಗೆ ಹುರಿದು, ಶುಂಠಿ-ಬೆಳ್ಳುಳ್ಳಿಯ ಅರಪ್ಪು ಎರಡು ಚಮಚ, ಹಸಿಮೆಣಸು ಮೂರು, ಕೊತ್ತಂಬರಿ ಪುಡಿ ಮೂರು ಚಮಚ, ಮೆಣಸಿನ ಪುಡಿ ಮತ್ತು ಕರಿಮೆಣಸಿನ ಪುಡಿ ಒಂದೊಂದು ಚಮಚ, ಜೀರಿಗೆ ಮತ್ತು ಅರಸಿನ ಅರ್ಧರ್ಧ ಚಮಚ ಸೇರಿಸಬೇಕು. ಅನಂತರ ಕೈಮಾ ಹಾಕಿ, ಗಂಟುಗಳನ್ನು ಒಡೆಯುತ್ತ ಕೆದಕಿ, ಉಪ್ಪು ಹಾಕಿ, ಮುಚ್ಚಳವಿಟ್ಟು ಸಣ್ಣ ಉರಿಯಲ್ಲಿ ಸುಮಾರು 30 ನಿಮಿಷ ಬೇಯಿಸಬೇಕು. ನೀರು ಹಾಕಕೂಡದು, ಮಾಂಸವೇ ಬೇಕಾದಷ್ಟು ನೀರನ್ನು ಬಿಡುವುದು. ಕೊನೆಗೆ ಮುಚ್ಚಳವನ್ನು ತೆಗೆದು, ದೊಡ್ಡ ಉರಿಯಲ್ಲಿ ಆ ನೀರನ್ನು ಇಂಗಿಸಿ, ಹುರಿದ ತೆಂಗಿನತುರಿ ಒಂದು ಹಿಡಿ, ಲಿಂಬೆರಸ, ಕೊತ್ತಂಬರಿ ಸೊಪ್ಪು ಬೆರೆಸಬೇಕು. ಸಟ್ಟುಗದಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದಾಗ ಆ ಗೆರೆಯೊಳಕ್ಕೆ ನೀರು ಹರಿಯದಿದ್ದರೆ ಹದವಾಯಿತೆಂದು ತಿಳಿಯಬೇಕು. ಹೂರಣದಲ್ಲಿ ನೀರುಳಿದರೆ ದೋಸೆ ಹರಿಯುವುದು ನಿಶ್ಚಯ.

ದೋಸೆಗೆ 500 ಗ್ರಾಂ ಬೆಳ್ತಿಗೆ ಅಕ್ಕಿಯನ್ನು ಐದಾರು ಗಂಟೆ ನೆನೆಹಾಕಿ, ಒಂದು ಹಿಡಿ ತೆಂಗಿನತುರಿಯೊಡನೆ ಗಂಧದಂತೆ ನುಣ್ಣಗೆ ಅರೆಯಬೇಕು. ಎಂದಿನ ಹಿಟ್ಟು ಹಾಲಿನಂತೆ ತೆಳ್ಳಗಿರುವುದಷ್ಟೆ. ಹೂರಣ ತುಂಬುವುದಕ್ಕೆ ಅದಕ್ಕಿಂತ ತುಸುವೇ ಗಟ್ಟಿಯಾಗಿರಬೇಕು. ಕಾವಲಿ ಚೆನ್ನಾಗಿ ಕಾಯದಿದ್ದರೆ ದೋಸೆಯಲ್ಲಿ ಕಣ್ಣು ಬೀಳುವುದಿಲ್ಲ. ಅಂಚಿನಿಂದ ನಡುವಿಗೆ ಚೆಲ್ಲುವಂತೆ ಎರೆಯಬೇಕು, ಸಟ್ಟುಗದಿಂದ ಹರಡಬಾರದು. ಹಿಟ್ಟು ತಳಕ್ಕಿಳಿಯುವುದರಿಂದ ಪ್ರತಿಸಲವೂ ಕಲಕಿಯೇ ಎರೆಯಬೇಕು. ಮುಚ್ಚಿ ಬೇಯಿಸಿದರೆ ಸಾಕು, ಮಗುಚುವುದು ಬೇಡ. ಈ ಕಲಕುವ ನಿಯಮವನ್ನು ಮರೆತು ನಾನು ಮೊದಲ ನಾಲ್ಕು ದೋಸೆಗಳನ್ನು ಹಾಳುಮಾಡಿದೆನು.

ಬೆಂದ ದೋಸೆಗಳನ್ನು ಬಾಳೆಯೆಲೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಎರಡು ನಿಮಿಷ ಆರಬಿಡಿರಿ. ಬಳಿಕ ಒಂದು ಅಂಚಿಗೆ ಎರಡು ಚಮಚ ಹೂರಣವನ್ನಿಟ್ಟು, ಎರಡು ಬದಿಗಳನ್ನು ಒಳಕ್ಕೆ ಮಡಿಸಿ ಸುರುಳಿ ಸುತ್ತಿರಿ. ಇಡ್ಲಿ ಬೇಯಿಸುವ ಹಬೆಯ ಪಾತ್ರೆಯಲ್ಲಿ ಬಾಳೆಯೆಲೆ ಹಾಸಿ, ಸುರುಳಿಗಳನ್ನು ಜೋಡಿಸಿ, ಸಾಲಿಗೊಂದು ಎಲೆಯನ್ನು ನಡುವೆ ಇಡುತ್ತ ಬನ್ನಿರಿ. ಉಣ್ಣುವ ಮುಂಚೆ ಒಳಗಿನ ಹೂರಣವೂ ಹೊಗೆಯಾಡುವಷ್ಟು ಬಿಸಿಯಾಗುವ ತನಕ ಹಬೆ ಕೊಟ್ಟರೆ ಎಲ್ಲವೂ ಒಮ್ಮೆಗೇ ಸಿದ್ಧ. ತುಂಬಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿರಿ. ಮಾಂಸ ವರ್ಜ್ಯವಾದ ಮನೆಗಳಲ್ಲಿ ಗುಜ್ಜೆಯ ಒಣ ಪಲ್ಯವನ್ನು ಇದೇ ಕ್ರಮದಲ್ಲಿ ತುಂಬಬಹುದು.

ಕಾವಲಿಯಿಂದ ಎದ್ದ ದೋಸೆಯ ಸವಿಗೆ ಇದು ಸಮನಾಗುವುದೆಂದು ನಾನು ವಾದಿಸಲಾರೆನು. ಮಗನು ಎರಡನ್ನು ತಿಂದು, “ಅಮ್ಮ ಎರೆದು ಹಾಕುತ್ತಿದ್ದುದೇ ಚೆಂದ” ಎಂದನು. ಅವನ ಮಾತು ಸುಳ್ಳಲ್ಲ. ಆದರೆ ಆ ದಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಏಳು ಮಂದಿಯೂ ಒಟ್ಟಿಗೆ ಕುಳಿತಿದ್ದೆವು. ಅವನ ತಾಯಿ ತಮ್ಮ ಮೂರು ಸುರುಳಿಗಳನ್ನು ಬಿಸಿಯಾಗಿಯೇ ತಿಂದು, ನಾಲ್ಕನೆಯದಕ್ಕೂ ಕೈ ನೀಡಿದರು. ಈಗ ಅವರ ಕೈ ವಾಸಿಯಾಗಿದೆ. ಆದರೂ ತಿಂಗಳಿಗೊಂದು ಭಾನುವಾರ ಈ ಕ್ರಮವೇ ನಡೆಯುತ್ತಿದೆ. ಪುರುಷ ವಾಚಕರು ಒಮ್ಮೆಯಾದರೂ ಸಟ್ಟುಗವನ್ನು ಹಿಡಿದು, ಮನೆಮಂದಿಗೆಲ್ಲ ದೋಸೆ ಎರೆದು, ಕಡೆಯಲ್ಲಿ ಕುಳಿತು ಉಂಡು ನೋಡಬೇಕೆಂದು ನನ್ನ ವಿಜ್ಞಾಪನೆ.