ನಾಮಫಲಕದ ಕೆಳಗಿನ ವ್ಯಾಪಾರಿ

ಪ್ರಸಿದ್ಧವಾದ ಕಂಪೆನಿಯೊಂದರ ಹೆಸರನ್ನು ಅಂಗಡಿಯ ನೆತ್ತಿಯಲ್ಲಿ ಧರಿಸಿ, ಅದು ವಿಧಿಸಿದ ಬಣ್ಣವನ್ನೇ ಗೋಡೆಗೆ ಬಳಿದು, ಅದು ತೋರಿಸಿದವರಿಂದಲೇ ಸರಕನ್ನು ತರಿಸಿ, ಪ್ರತಿ ಮಾಸವೂ ಅದಕ್ಕೆ ರಾಯಧನವನ್ನು ಸಲ್ಲಿಸುತ್ತ ವ್ಯಾಪಾರ ನಡೆಸುವ ಗೃಹಸ್ಥನನ್ನು ಊರಿನವರು ಆ ಅಂಗಡಿಯ ಯಜಮಾನನೆಂದೇ ಭಾವಿಸುತ್ತಾರೆ. ಬಂಡವಾಳ ಅವನದು, ಸಾಲ ಅವನದು, ನಷ್ಟವೂ ಅವನದೇ. ಆದರೆ ಆ ವ್ಯಾಪಾರವು ನಾಳೆಯೂ ಇರತಕ್ಕುದೋ ಇಲ್ಲವೋ ಎಂಬ ನಿರ್ಣಯ ಮಾತ್ರ ಅವನ ಕೈಯಲ್ಲಿಲ್ಲ. ಫ್ರಾಂಚೈಸಿಗಳೆಂದು ಕರೆಯಲ್ಪಡುವ ಇಂಥ ವ್ಯಾಪಾರಿಗಳ ರಕ್ಷಣೆಗೆಂದೇ ರಚಿತವಾದ ಶಾಸನ ನಮ್ಮ ದೇಶದಲ್ಲಿ ಇಲ್ಲದಿರುವುದರಿಂದ, ಅವನು ಮುಖ್ಯವಾಗಿ ಆಶ್ರಯಿಸಬೇಕಾದದ್ದು 1872ನೆಯ ಇಸವಿಯ ಕರಾರು ಕಾಯಿದೆಯನ್ನು.

ಹಳೆಯದೆಂಬ ಕಾರಣಕ್ಕೆ ಆ ಕಾಯಿದೆಯನ್ನು ದೂರುವುದು ತರವಲ್ಲ. ಕರಾರು ಮುಗಿದ ಬಳಿಕವೂ ವ್ಯಾಪಾರಿಯ ಕೈಕಟ್ಟುವ ನಿರ್ಬಂಧಗಳಿಗೆ ಅದರ 27ನೆಯ ಕಲಮು ಬಹುಮಟ್ಟಿಗೆ ತಡೆಯೊಡ್ಡುತ್ತದೆ. ಅವಧಿಯೊಳಗಿನ ನಿರ್ಬಂಧಗಳನ್ನಾದರೋ, ಗುಜರಾತ್ ಬಾಟ್ಲಿಂಗ್ ಕಂಪೆನಿಗೂ ಕೋಕಾಕೋಲಾಕ್ಕೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಎತ್ತಿಹಿಡಿದಿದೆ. ಅದರಲ್ಲಿ ಅನ್ಯಾಯವೇನೂ ಇಲ್ಲ.

ಅನ್ಯಾಯವಿರುವುದು ಕರಾರನ್ನು ಕೊನೆಗಾಣಿಸುವ ಅಧಿಕಾರದಲ್ಲಿ. ಇಂಡಿಯನ್ ಆಯಿಲ್ ಮತ್ತು ಅಮೃತಸರದ ಅನಿಲ ವಿತರಕರ ಮೊಕದ್ದಮೆಯಲ್ಲಿ, ಮೂವತ್ತು ದಿನಗಳ ನೋಟೀಸಿನಿಂದ ಮುಗಿಸಬಹುದಾದ ಕರಾರನ್ನು ಪುನಃ ಸ್ಥಾಪಿಸಲಾಗದೆಂದೂ, ರದ್ದತಿ ತಪ್ಪಾಗಿದ್ದರೂ ಆ ಮೂವತ್ತು ದಿನಗಳ ಸಂಪಾದನೆಯಷ್ಟೇ ಪರಿಹಾರವೆಂದೂ 1990ರಲ್ಲಿ ತೀರ್ಪಾಯಿತು. ವರ್ಷಾನುಗಟ್ಟಲೆ ದುಡಿದು ಒಂದು ಊರಿನಲ್ಲಿ ಒಂದು ಹೆಸರಿಗೆ ಗೌರವವನ್ನು ಗಳಿಸಿಕೊಟ್ಟವನ ಶ್ರಮಕ್ಕೆ ಒಂದು ತಿಂಗಳ ಬೆಲೆ! ಅಸಮಬಲರ ನಡುವಿನ ಅನುಚಿತ ಷರತ್ತುಗಳು ಶೂನ್ಯವೆಂಬ ಉದಾತ್ತ ತತ್ತ್ವವನ್ನು ಬ್ರಜೋನಾಥ ಗಂಗೂಲಿಯವರ ಪ್ರಕರಣದಲ್ಲಿ 1986ರಲ್ಲಿ ಅದೇ ನ್ಯಾಯಾಲಯವು ಸಾರಿತ್ತಷ್ಟೆ. ಆದರೆ ಉಭಯರೂ ವ್ಯಾಪಾರಿಗಳಾಗಿರುವಲ್ಲಿ ಅದು ಅನ್ವಯಿಸದೆ ಹೋಗಬಹುದೆಂದೂ ಅಲ್ಲಿಯೇ ಹೇಳಿತು. ನಿವೃತ್ತಿಯ ಹಣವನ್ನೆಲ್ಲ ಸುರಿದು ಮುದ್ರಿತ ಕರಾರುಪತ್ರಕ್ಕೆ ಒಂದಕ್ಷರವನ್ನೂ ತಿದ್ದದೆ ರುಜು ಹಾಕುವವನೂ, ಆ ಪತ್ರವನ್ನು ತನ್ನ ವಕೀಲರಿಂದ ಬರೆಯಿಸಿದ ಬೃಹತ್ ಕಂಪೆನಿಯೂ ಸಮಾನರೆಂಬ ಭಾವನೆಯನ್ನು ನಾನು ಒಪ್ಪಲಾರೆ.

ಮೋಟಾರು ಡೀಲರುಗಳ ಅನುಭವ ಈ ಅಸಮಾನತೆಗೆ ಸಾಕ್ಷಿಯಾಗಿದೆ. ಅಮೆರಿಕದಲ್ಲಿ, ಸದ್ಭಾವನೆಯಿಲ್ಲದೆ ತನ್ನನ್ನು ಕೈಬಿಟ್ಟ ತಯಾರಕನ ಮೇಲೆ ಡೀಲರು ದಾವೆ ಹೂಡಬಹುದೆಂದು 1956ರಲ್ಲಿಯೇ ಶಾಸನವಾಯಿತು. ನಮ್ಮಲ್ಲಿ ಅಂಥದೊಂದು ರಕ್ಷಣಾ ಶಾಸನ ಬೇಕೆಂದು ಸಂಸತ್ತಿನ ಕೈಗಾರಿಕಾ ಸ್ಥಾಯೀ ಸಮಿತಿಯು 2020ರಲ್ಲಿ ಶಿಫಾರಸು ಮಾಡಿತು. ಅದು ಕಾಯಿದೆಯಾಗುವ ಮೊದಲೇ, 2021ರ ಸೆಪ್ಟೆಂಬರಿನಲ್ಲಿ, ಫೋರ್ಡ್ ಕಂಪೆನಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿ, ಆ ಹೆಸರನ್ನು ನಂಬಿ ಷೋರೂಮು ಕಟ್ಟಿದ್ದವರನ್ನು ಆತಂಕಕ್ಕೆ ದೂಡಿತು.

ಶಾಸನವು ಬರುವುದಾದರೆ ಅದು ರುಜುವಿಗೆ ಮುಂಚೆಯೇ ಆರಂಭವಾಗಬೇಕು. ಕಂಪೆನಿಯ ವ್ಯಾಜ್ಯಗಳು, ಶುಲ್ಕಗಳು, ಮುಚ್ಚಿದ ಮಳಿಗೆಗಳು ಇವನ್ನೆಲ್ಲ ತಿಳಿಸುವ ಪತ್ರವನ್ನು ಹದಿನಾಲ್ಕು ದಿನ ಮೊದಲೇ ಕೊಡತಕ್ಕುದೆಂಬ ಅಮೆರಿಕದ ನಿಯಮ ಅನುಕರಣೀಯವಾದುದು. ಸಕಾರಣವಿಲ್ಲದೆ ರದ್ದುಗೊಳಿಸಕೂಡದು, ರದ್ದಾದರೆ ಉಳಿದ ಸರಕನ್ನು ಕಂಪೆನಿಯೇ ಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದಾವಣಗೆರೆಯಲ್ಲಿ ಅಂಗಡಿಯಿಟ್ಟವನು ಮಧ್ಯಸ್ಥಿಕೆಗಾಗಿ ದೆಹಲಿಗೆ ಅಲೆಯಬೇಕೆಂಬ ಷರತ್ತನ್ನು ಅಸಿಂಧುವೆಂದು ಸಾರಿ, ಅವನ ಜಿಲ್ಲೆಯಲ್ಲಿಯೇ ವಿಚಾರಣೆ ನಡೆಯುವಂತೆ ವಿಧಿಸಬೇಕು.